ಹೆವಿ ಮೆಟಲ್ ಸಂಗೀತವೂ ಅರ್ಥನಿರ್ಣಯದ ಪ್ರಶ್ನೆಯೂ

ಒಂದು ಪದ್ಯದ ಅರ್ಥವು ಯಾವುದು, ಅದನ್ನು ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆಯು ಅಲಂಕಾರಶಾಸ್ತ್ರದಷ್ಟೇ ಹಳೆಯದು. ಸಾಮಾನ್ಯವಾಗಿ ಈ ಚರ್ಚೆಯು ಪಾಠಶಾಲೆಗಳಲ್ಲಿಯೂ ವಿದ್ವದ್ಗೋಷ್ಠಿಗಳಲ್ಲಿಯೂ ನಡೆದು ಅಲ್ಲಿಯೇ ಮುಗಿಯುವುದು. ಅದರಿಂದ ಯಾರಿಗೂ ದಂಡವಾಗಲಿ ನಷ್ಟವಾಗಲಿ ಒದಗುವುದಿಲ್ಲ. ಆದರೆ ಕ್ರಿ. ಶ. ೧೯೮೫ರಿಂದ ೧೯೯೦ರ ವರೆಗಿನ ಆರು ವರ್ಷಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇದೇ ಪ್ರಶ್ನೆಯು ಶಾಸನಸಭೆಯ ಮುಂದೆಯೂ ನ್ಯಾಯಸ್ಥಾನಗಳ ಮುಂದೆಯೂ ಬಂದು ನಿಂತಿತು. ವಾದಕ್ಕೆ ವಿಷಯವಾದುವು ಮಹಾಕಾವ್ಯಗಳಲ್ಲ. ವಿಮರ್ಶಕರಲ್ಲಿ ಬಹುಮಂದಿ ಕಿವಿಗೊಡಲೂ ಒಪ್ಪದಿದ್ದ ಹೆವಿ ಮೆಟಲ್ ಎಂಬ ಸಂಗೀತದ ಹಾಡುಗಳು. ಪಣವಾಗಿದ್ದುದಾದರೋ ಕೆಲವರು ತರುಣರ ಮರಣಕ್ಕೆ ಯಾರು ಹೊಣೆಯೆಂಬ ಮಾತು. ಆ ಸಂಗೀತದ ಉತ್ಪತ್ತಿಯನ್ನೂ, ೧೯೮೦ರ ದಶಕದಲ್ಲಿ ಅದು ಪಡೆದ ಬೆಳೆವಣಿಗೆಯನ್ನೂ ಸಂಗ್ರಹವಾಗಿ ತಿಳಿಸಿ, ಅದರ ಸಾಹಿತ್ಯದ ವಿಚಾರವಾಗಿ ನಡೆದ ವಾದಗಳನ್ನು ನಮ್ಮ ಲಾಕ್ಷಣಿಕರ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶವಾಗಿದೆ.

೧. ಹೆಸರೂ ಹುಟ್ಟೂ

ಹೆವಿ ಮೆಟಲ್ ಎಂಬ ಮಾತಿಗೆ ರಸಾಯನಶಾಸ್ತ್ರದಲ್ಲಿ ಸೀಸ, ಪಾದರಸ ಮೊದಲಾದ ಭಾರಲೋಹಗಳೆಂದು ಅರ್ಥ. ಅಮೆರಿಕಾದ ಕಾದಂಬರಿಕಾರನಾದ ವಿಲಿಯಂ ಬರೋಸನು ೧೯೬೦ರ ದಶಕದ ತನ್ನ ಕಥೆಗಳಲ್ಲಿ ಒಂದು ಪಾತ್ರಕ್ಕೆ ಇದನ್ನು ವಿಶೇಷಣವಾಗಿ ಕೊಟ್ಟಿದ್ದನು. ೧೯೬೮ರಲ್ಲಿ ಸ್ಟೆಪನ್‌ವೂಲ್ಫ್ ಎಂಬ ವೃಂದವು ಹಾಡಿದ ‘ಬಾರ್ನ್ ಟು ಬಿ ವೈಲ್ಡ್’ ಎಂಬ ಗೀತದಲ್ಲಿ, ಮೋಟಾರ್ ಸೈಕಲ್ಲಿನ ಗುಡುಗನ್ನು ವರ್ಣಿಸುವ ಸಂದರ್ಭದಲ್ಲಿ, ಈ ಮಾತು ಬಂದಿತು. ಆಮೇಲೆ ಪತ್ರಿಕಾವಿಮರ್ಶಕರು ಭಾರವಾದ, ಕರ್ಕಶವಾದ ವಾದನಕ್ಕೆ ಇದನ್ನು ಹೆಸರಾಗಿ ಬಳಸತೊಡಗಿದರು. ಅನೇಕ ವೇಳೆ ಅದು ನಿಂದೆಯ ಮಾತಾಗಿಯೇ ಇದ್ದಿತು. ನಿಂದೆಯಾಗಿ ಬಂದ ಹೆಸರನ್ನು ನಿಂದಿತರೇ ಬಿರುದಾಗಿ ಧರಿಸಿಕೊಳ್ಳುವುದು ಸಾಹಿತ್ಯಚರಿತ್ರೆಯಲ್ಲಿಯೂ ಅಪೂರ್ವವಲ್ಲ.

ಈ ಸಂಗೀತದ ಮೂಲಸ್ಥಾನವೆಂದು ಬಹುಮಂದಿ ಒಪ್ಪಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣ. ಅದು ಕುಲುಮೆಗಳಿಗೂ ಲೋಹದ ಕಾರ್ಖಾನೆಗಳಿಗೂ ಹೆಸರಾದ ಊರು. ಅಲ್ಲಿಯ ಆಸ್ಟನ್ ಎಂಬ ಕೇರಿಯ ನಾಲ್ವರು ತರುಣರು ೧೯೬೮ರಲ್ಲಿ ಕೂಡಿ ಕಟ್ಟಿದ ವೃಂದವು ಮುಂದೆ ಬ್ಲ್ಯಾಕ್ ಸಬ್ಬತ್ ಎಂಬ ಹೆಸರನ್ನು ತಳೆದು, ೧೯೭೦ನೆಯ ಫೆಬ್ರವರಿ ೧೩ರಂದು ತನ್ನ ಮೊದಲನೆಯ ಗೀತಸಂಪುಟವನ್ನು ಪ್ರಕಟಿಸಿತು. ಈ ವೃಂದದ ಗಿಟಾರ್ ವಾದಕನಾದ ಟೋನಿ ಅಯೋಮಿಯು ಹದಿನೇಳು ವರ್ಷದ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯೊಂದರಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡಿದ್ದನು. ಅವನು ಎಡಚನಾದುದರಿಂದ ತಂತಿಗಳನ್ನು ಒತ್ತುವ ಕೈ ಅದೇ ಆಗಿದ್ದಿತು. ಬೆಂಕಿಯಲ್ಲಿ ಬೆರಳುಗಳು ಸೊಟ್ಟಗಾಗಿದ್ದರೂ ಎರಡೇ ಬೆರಳುಗಳಿಂದ ಅದ್ಭುತವಾಗಿ ನುಡಿಸಿದ ಜ್ಯಾಂಗೋ ರೈನ್‌ಹಾರ್ಟನ ಧ್ವನಿಮುದ್ರಿಕೆಯನ್ನು ಕೇಳಿ ಧೈರ್ಯ ತಂದುಕೊಂಡು, ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗಳನ್ನು ಮಾಡಿಕೊಂಡನು. ಒತ್ತಲು ಸುಲಭವಾಗುವಂತೆ ಸಣ್ಣ ತಂತಿಗಳನ್ನು ಹಾಕಿದನು. ೧೯೭೧ರ ಮೂರನೆಯ ಸಂಪುಟದ ಹೊತ್ತಿಗೆ ಶ್ರುತಿಯನ್ನು ಮೂರು ಸ್ವರಸ್ಥಾನಗಳಷ್ಟು ಇಳಿಸಿಕೊಂಡನು. ತಂತಿಯು ಸಡಿಲವಾದಂತೆ ನಾದವು ಗಂಭೀರವಾಯಿತು. ಹೀಗೆ ಒಬ್ಬ ಕೂಲಿಯ ಕೈಗೆ ಬಂದ ಊನವು ಒಂದು ಸಂಗೀತಪದ್ಧತಿಯ ಲಕ್ಷಣವಾಗಿ ಪರಿಣಮಿಸಿತು.

೨. ನಾದದ ಸ್ವರೂಪ

ಹೆವಿ ಮೆಟಲಿನ ಜೀವವು ವಿಕೃತಗೊಳಿಸಿದ ಗಿಟಾರ್ ನಾದದಲ್ಲಿದೆ. ವಿದ್ಯುತ್ ಗಿಟಾರಿನ ನಾದವನ್ನು ಯಂತ್ರದ ಶಕ್ತಿಗೆ ಮೀರಿ ವರ್ಧಿಸಿದರೆ ನಾದತರಂಗದ ಶಿಖರಗಳು ಕತ್ತರಿಸಿದಂತಾಗಿ, ಮೂಲದಲ್ಲಿಲ್ಲದ ಅನೇಕ ಅನುಸ್ವರಗಳು ಹುಟ್ಟುವುವು. ಒಂದು ಸಲ ಮೀಟಿದ ತಂತಿಯ ಧ್ವನಿಯು ಬಹುಕಾಲ ಕ್ಷೀಣಿಸದೆ ನಿಲ್ಲುವುದು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನಿಟ್ಟು ಅನುಸ್ವರಗಳನ್ನು ಹೊರಡಿಸುವ ನಮ್ಮವರಿಗೆ ಈ ಆಸೆಯು ಅಪರಿಚಿತವಲ್ಲ. ಸಾಧನವೂ ಪ್ರಮಾಣವೂ ಬೇರೆ, ಅಷ್ಟೆ. ಷಡ್ಜ ಪಂಚಮಗಳನ್ನು ಮಾತ್ರ ಒಟ್ಟಿಗೆ ನುಡಿಸುವ ಕ್ರಮಕ್ಕೆ ಪವರ್ ಕಾರ್ಡ್ ಎಂದು ಹೆಸರು. ಈ ಎರಡು ಸ್ವರಗಳ ಕಂಪನಗಳು ೨ಕ್ಕೆ ೩ರ ಪ್ರಮಾಣದಲ್ಲಿರುವುದರಿಂದ, ನಾದವು ವಿಕೃತವಾದಾಗ ಅವುಗಳ ವ್ಯತ್ಯಾಸವಾದ ೧ರ ಕಂಪನವೂ ಹುಟ್ಟುತ್ತದೆ. ಎಂದರೆ, ಯಾರೂ ನುಡಿಸದ ಮಂದ್ರಷಡ್ಜವೊಂದು ಕೇಳಿಬರುತ್ತದೆ. ಭಾರವೆಂದು ಕೇಳುವವರು ಹೇಳುವುದು ಬಹುಮಟ್ಟಿಗೆ ಇದನ್ನೇ.

ಮತ್ತೊಂದು ಲಕ್ಷಣವು ಇಲ್ಲಿ ಮುಖ್ಯವಾದುದು. ಬ್ಲ್ಯಾಕ್ ಸಬ್ಬತ್ ವೃಂದದ ಮೊದಲನೆಯ ಸಂಪುಟದ ಮೊದಲನೆಯ ಗೀತವು ಷಡ್ಜದಿಂದ ಮೂರು ಪೂರ್ಣಸ್ವರಗಳ ಅಂತರದಲ್ಲಿರುವ ಸ್ವರವನ್ನು ಪದೇ ಪದೇ ಹಿಡಿದು ನಿಲ್ಲುತ್ತದೆ. ಯೂರೋಪಿನ ಸಂಗೀತಶಾಸ್ತ್ರಜ್ಞರು ಈ ಅಂತರವನ್ನು ಕರ್ಕಶವೆಂದು ಬಹುಕಾಲ ವರ್ಜಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಗ್ರಂಥಗಳಲ್ಲಿ ಇದಕ್ಕೆ ಸಂಗೀತದಲ್ಲಿರುವ ಸೈತಾನನೆಂಬ ಹೆಸರೂ ಕಾಣಬರುತ್ತದೆ. ಆದುದರಿಂದ ಆ ಸಂಪ್ರದಾಯದಲ್ಲಿ ಬೆಳೆದ ಕಿವಿಗೆ ಈ ಗೀತವು ಭಯಾನಕವಾಗಿ ಕೇಳಿಸುವುದು ಸಹಜ. ಆದರೆ ಅದೇ ಸ್ವರವು ಕರ್ಣಾಟಕ ಸಂಗೀತದ ಪ್ರತಿಮಧ್ಯಮ. ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ೩೭ರಿಂದ ೭೨ರ ವರೆಗಿನ ಮೂವತ್ತಾರಕ್ಕೆ ಅದು ಆಧಾರಸ್ವರ. ಮಂಗಳಕರವೆಂದು ಹೆಸರಾದ ಕಲ್ಯಾಣಿಯು ಅದರಿಂದಲೇ ಕಲ್ಯಾಣಿಯಾಗಿದೆ. ಒಂದು ನಾಡಿನಲ್ಲಿ ಸೈತಾನನಾದ ಸ್ವರವು ಮತ್ತೊಂದು ನಾಡಿನಲ್ಲಿ ಕಲ್ಯಾಣಿಯಾಗುವುದಾದರೆ, ಸ್ವರಕ್ಕೆ ಅರ್ಥವು ಸ್ವಭಾವಸಿದ್ಧವಲ್ಲ, ಸಂಪ್ರದಾಯದಿಂದಲೂ ಸಂದರ್ಭದಿಂದಲೂ ಬರತಕ್ಕದ್ದೆಂದು ತಿಳಿಯಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಚರಿತ್ರೆಯನ್ನು ನೋಡಬಹುದು.

೩. ಎಂಬತ್ತರ ದಶಕದ ಬೆಳೆವಣಿಗೆ

೧೯೭೦ರ ದಶಕದ ಕೊನೆಯಲ್ಲಿ ಹೆವಿ ಮೆಟಲಿನ ಕಾಲವು ಮುಗಿಯಿತೆಂದು ಎಣಿಸಿದವರು ಹಲವರು. ಆದರೆ ಅದೇ ಸಮಯದಲ್ಲಿ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಹೊಸ ವೃಂದಗಳು ತಲೆಯೆತ್ತಿದುವು. ಲಂಡನಿನ ಪೂರ್ವಭಾಗದಿಂದ ಐರನ್ ಮೇಡನ್, ಬಾರ್ನ್ಸ್ಲಿಯಿಂದ ಸ್ಯಾಕ್ಸನ್, ಷೆಫೀಲ್ಡಿನಿಂದ ಡೆಫ್ ಲೆಪರ್ಡ್, ಸ್ಟೌರ್‌ಬ್ರಿಜ್‌ನಿಂದ ಡೈಮಂಡ್ ಹೆಡ್, ನ್ಯೂಕ್ಯಾಸಲಿನಿಂದ ವೆನಮ್ ಎಂಬ ವೃಂದಗಳು ಹೊರಟುವು. ೧೯೭೯ರ ಮೇ ತಿಂಗಳಲ್ಲಿ ಸೌಂಡ್ಸ್ ಎಂಬ ವಾರಪತ್ರಿಕೆಯು ಇವುಗಳನ್ನೆಲ್ಲ ಒಟ್ಟುಗೂಡಿಸಿ ‘ಬ್ರಿಟಿಷ್ ಹೆವಿ ಮೆಟಲಿನ ಹೊಸ ಅಲೆ’ ಎಂದು ಕರೆಯಿತು. ೧೯೮೦ನೆಯ ಆಗಸ್ಟ್ ೧೬ರಂದು ಡಾನಿಂಗ್ಟನ್ ಎಂಬಲ್ಲಿ ಈ ಸಂಗೀತಕ್ಕೇ ಮೀಸಲಾದ ಬಯಲುಜಾತ್ರೆಯೊಂದು ನಡೆಯಿತು. ಮರುವರ್ಷದ ಜೂನಿನಲ್ಲಿ ಕೆರಾಂಗ್ ಎಂಬ ಪತ್ರಿಕೆಯು ಹುಟ್ಟಿತು.

ಆ ನಾಡಿನ ಆರ್ಥಿಕಸ್ಥಿತಿಯನ್ನು ಇಲ್ಲಿ ಗಮನಿಸದೆ ಇರಲಾಗದು. ೧೯೮೦ರ ಜನವರಿಯಿಂದ ಏಪ್ರಿಲ್ ಮೊದಲಿನ ವರೆಗೆ ಬ್ರಿಟನ್ನಿನ ಉಕ್ಕಿನ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಹೂಡಿದ್ದರು. ಮುಷ್ಕರವು ಮುಗಿದ ಕೆಲವು ದಿನಗಳಲ್ಲಿಯೇ, ಬರ್ಮಿಂಗ್‌ಹ್ಯಾಮಿನ ಪ್ರಾಂತದಿಂದಲೇ ಬಂದ ಜೂಡಾಸ್ ಪ್ರೀಸ್ಟ್ ವೃಂದವು ಪ್ರಕಟಿಸಿದ ಸಂಪುಟಕ್ಕೆ ‘ಬ್ರಿಟಿಷ್ ಸ್ಟೀಲ್’ ಎಂದೇ ಹೆಸರು. ೧೯೮೨ರ ಜನವರಿಯಲ್ಲಿ ಆ ದೇಶದ ನಿರುದ್ಯೋಗಿಗಳ ಸಂಖ್ಯೆಯು ಮೂವತ್ತು ಲಕ್ಷವನ್ನು ಮೀರಿತು. ಆ ವರ್ಷದ ಮಾರ್ಚಿಯಲ್ಲಿ ಬಂದ ಐರನ್ ಮೇಡನಿನ ‘ದಿ ನಂಬರ್ ಆಫ್ ದಿ ಬೀಸ್ಟ್’ ಎಂಬ ಸಂಪುಟವು ಬ್ರಿಟನ್ನಿನಲ್ಲಿ ಮಾರಾಟದ ಪಟ್ಟಿಯ ಮೊದಲನೆಯ ಸ್ಥಾನವನ್ನು ಪಡೆಯಿತು. ಕುಲುಮೆಗಳು ಆರುತ್ತಿದ್ದ ಕಾಲದಲ್ಲಿ ಲೋಹದ ಹೆಸರಿನ ಸಂಗೀತವು ಪ್ರಜ್ವಲಿಸಿತೆಂಬುದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕುವುದು ಸಾಹಸವೇ ಸರಿ. ಆದರೆ ಒಂದನ್ನು ಮತ್ತೊಂದಕ್ಕೆ ಏಕಮಾತ್ರ ಕಾರಣವೆಂದು ಹೇಳುವುದೂ ಯುಕ್ತವಲ್ಲ.

ಅಮೆರಿಕಾದಲ್ಲಿ ಈ ಸಂಗೀತವು ಎರಡು ಕವಲುಗಳಾಗಿ ಒಡೆಯಿತು. ೧೯೮೧ನೆಯ ಆಗಸ್ಟ್ ೧ರಂದು ಹಗಲಿರುಳೂ ಗೀತಚಿತ್ರಗಳನ್ನು ಬಿತ್ತರಿಸುವ ಎಂಟೀವಿ ಎಂಬ ದೂರದರ್ಶನ ವಾಹಿನಿಯು ಆರಂಭವಾದ ಮೇಲೆ, ವೇಷಭೂಷಣಗಳಿಗೂ ಇಂಪಾದ ಪಲ್ಲವಿಗಳಿಗೂ ಪ್ರಾಧಾನ್ಯ ಕೊಟ್ಟ ಲಾಸ್ ಏಂಜಲೀಸಿನ ವೃಂದಗಳು ಮನೆಮಾತಾದುವು. ೧೯೮೩ರ ನವೆಂಬರಿನಲ್ಲಿ ಕ್ವಯಟ್ ರಯಟ್ ವೃಂದದ ‘ಮೆಟಲ್ ಹೆಲ್ತ್’ ಆ ದೇಶದ ಪಟ್ಟಿಯ ತುದಿಗೇರಿತು. ಇನ್ನೊಂದು ಕವಲು ಇದಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿದುದು. ಡೆನ್ಮಾರ್ಕಿನಿಂದ ಬಂದ ಲಾರ್ಸ್ ಉಲ್ರಿಕನು ೧೯೮೧ರಲ್ಲಿ ಡೈಮಂಡ್ ಹೆಡ್ ವೃಂದವನ್ನು ಕೇಳುವುದಕ್ಕಾಗಿಯೇ ಇಂಗ್ಲೆಂಡಿಗೆ ಹೋಗಿ ಬಂದು, ಜೇಮ್ಸ್ ಹೆಟ್‌ಫೀಲ್ಡನೊಡನೆ ಮೆಟಾಲಿಕಾ ವೃಂದವನ್ನು ಕಟ್ಟಿದನು. ೧೯೮೩ರ ಜುಲೈಯಲ್ಲಿ ಬಂದ ಇವರ ‘ಕಿಲ್ ’ಎಮ್ ಆಲ್’ ಎಂಬ ಸಂಪುಟದಿಂದ ಅತಿದ್ರುತಕಾಲದ, ಅಲಂಕಾರವಿಲ್ಲದ, ಥ್ರ್ಯಾಷ್ ಎಂಬ ಮಾರ್ಗವು ಸ್ಥಿರಪಟ್ಟಿತು. ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಎಂಬ ವೃಂದಗಳು ಇದೇ ಮಾರ್ಗದವು. ಆಕಾಶವಾಣಿಯ ಸಹಾಯವಿಲ್ಲದೆ, ಅಭಿಮಾನಿಗಳು ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳುಹಿಸಿಕೊಂಡುದರಿಂದಲೇ ಇದು ದೇಶದಿಂದ ದೇಶಕ್ಕೆ ಹಬ್ಬಿತು. ಓಲೆಗರಿಯ ಪ್ರತಿಯಿಂದ ಪ್ರತಿಮಾಡಿಕೊಂಡು ಕಾವ್ಯಗಳನ್ನು ಉಳಿಸಿದ ಲಿಪಿಕಾರರ ನೆನಪು ಇಲ್ಲಿ ಬಾರದೆ ಇರದು. ದಶಕವು ಮುಗಿಯುವುದರೊಳಗೆ ಜರ್ಮನಿ, ಜಪಾನು, ಬ್ರೆಜಿಲ್ ದೇಶಗಳಲ್ಲಿ ಸ್ವತಂತ್ರ ವೃಂದಗಳು ಹುಟ್ಟಿದ್ದುವು. ೧೯೮೯ರ ಆಗಸ್ಟಿನಲ್ಲಿ ಮಾಸ್ಕೋ ನಗರದಲ್ಲಿಯೂ ಪಾಶ್ಚಾತ್ಯ ವೃಂದಗಳ ದೊಡ್ಡ ಗೋಷ್ಠಿಯೊಂದು ನಡೆಯಿತು.

೪. ಪೂರ್ವಕವಿಗಳ ಋಣ

ಈ ಹಾಡುಗಳಲ್ಲಿ ಸಾಹಿತ್ಯವೆನ್ನತಕ್ಕದ್ದು ಏನೂ ಇಲ್ಲವೆಂಬ ಅಭಿಪ್ರಾಯವು ಆಗ ಪ್ರಬಲವಾಗಿದ್ದಿತು. ಕೆಲವು ನಿದರ್ಶನಗಳನ್ನು ಪರಿಶೀಲಿಸಿದರೆ ಆ ಅಭಿಪ್ರಾಯವು ನಿಲ್ಲಲಾರದು. ಕೋಲ್ರಿಜ್ ಕವಿಯು ೧೭೯೮ರಲ್ಲಿ ಪ್ರಕಟಿಸಿದ ವೃದ್ಧನಾವಿಕನ ಕಥನಕವನವನ್ನು ಐರನ್ ಮೇಡನಿನ ಸ್ಟೀವ್ ಹ್ಯಾರಿಸನು ೧೯೮೪ರಲ್ಲಿ ಹದಿಮೂರು ನಿಮಿಷಗಳಿಗೂ ಹೆಚ್ಚು ದೀರ್ಘವಾದ ಒಂದೇ ಗೀತವನ್ನಾಗಿ ರಚಿಸಿದನು. ಹಡಗು ಗಾಳಿಯಿಲ್ಲದೆ ನಿಂತುಹೋಗುವ ಭಾಗದಲ್ಲಿ ವಾದ್ಯಗಳೆಲ್ಲ ಅಡಗಿ, ಮರದ ಹಲಗೆಗಳ ಕಿರುಗುಟ್ಟುವಿಕೆಯ ನಡುವೆ ಕವಿಯ ಮಾತುಗಳನ್ನೇ ಪಠಿಸಲಾಗುತ್ತದೆ. ಇಲ್ಲಿ ವಾದ್ಯದ ಮೌನವೇ ವರ್ಣನೆಯಾಗಿದೆ.

ಇದಕ್ಕಿಂತಲೂ ಸೂಕ್ಷ್ಮವಾದುದು ೧೯೮೩ರ ‘ದಿ ಟ್ರೂಪರ್’ ಎಂಬ ಗೀತ. ೧೮೫೪ನೆಯ ಅಕ್ಟೋಬರ್ ೨೫ರಂದು ಬಾಲಕ್ಲಾವಾ ಯುದ್ಧದಲ್ಲಿ ತಪ್ಪಾದ ಆಜ್ಞೆಯಿಂದ ತೋಪುಗಳ ಬಾಯಿಗೆ ನುಗ್ಗಿದ ಇಂಗ್ಲಿಷ್ ಅಶ್ವಸೇನೆಯನ್ನು ಟೆನಿಸನ್ ಕವಿಯು ಅದೇ ವರ್ಷ ಹಾಡಿದ್ದನು. ಅವನ ಪದ್ಯದಲ್ಲಿ ಕವಿಯು ದೂರದಲ್ಲಿ ನಿಂತು ಆರುನೂರು ಮಂದಿಯ ಕೀರ್ತಿಯನ್ನು ಕೊಂಡಾಡುವನು. ಐರನ್ ಮೇಡನಿನ ಗೀತದಲ್ಲಾದರೋ ಮಾತನಾಡುವವನು ಸಾಯುತ್ತಿರುವ ಸವಾರನೊಬ್ಬನೇ. ವಸ್ತುವು ಒಂದೇ ಆದರೂ ವಕ್ತೃವು ಬದಲಾದುದರಿಂದ ರಸವು ಬದಲಾಗಿದೆ: ಅಲ್ಲಿ ವೀರ, ಇಲ್ಲಿ ಕರುಣ. ಹಾಗೆಯೇ ಮೆಟಾಲಿಕಾ ವೃಂದವು ೧೯೮೮ರಲ್ಲಿ ಹಾಡಿದ ‘ವನ್’ ಎಂಬ ಗೀತಕ್ಕೆ ಡಾಲ್ಟನ್ ಟ್ರಂಬೋನ ೧೯೩೯ರ ಕಾದಂಬರಿಯ ಸಂಬಂಧವುಂಟು. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲುಗಳನ್ನೂ ಕಣ್ಣು ಕಿವಿ ಬಾಯಿಗಳನ್ನೂ ಕಳೆದುಕೊಂಡು, ಬುದ್ಧಿಮಾತ್ರ ಎಚ್ಚರವಾಗಿ ಉಳಿದ ಯೋಧನ ಕಥೆ ಅದು. ಗೀತದ ಉತ್ತರಾರ್ಧದಲ್ಲಿ ಮೃದಂಗಸ್ಥಾನೀಯವಾದ ಡ್ರಮ್ಮುಗಳು ಯಂತ್ರಬಂದೂಕದ ಗತಿಯನ್ನು ಅನುಕರಿಸುತ್ತವೆ. ಅನುಕರಣಶಬ್ದಗಳನ್ನು ರಸಕ್ಕೆ ಅನುಗುಣವಾಗಿ ಬಳಸುವುದನ್ನು ನಮ್ಮ ಪ್ರಾಚೀನ ಕವಿಗಳೂ ಬಲ್ಲರು.

ಇವೆಲ್ಲ ಉತ್ತಮಪಂಕ್ತಿಯ ನಿದರ್ಶನಗಳು. ಹೀನಪಂಕ್ತಿಯವೂ ಹೇರಳವಾಗಿದ್ದುವು. ಸ್ತ್ರೀಯರನ್ನು ಕೀಳಾಗಿ ಕಾಣುವ, ಬರಿಯ ಬೀಭತ್ಸದಲ್ಲಿಯೇ ತೃಪ್ತವಾಗುವ ಹಾಡುಗಳಿಗೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಮುಂದೆ ನಡೆದ ವಾದದಲ್ಲಿ ತಾಯಿತಂದೆಗಳ ಆತಂಕಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವುದು ನ್ಯಾಯವಾಗದು.

೫. ಸೆನೆಟ್ ಸಭೆಯ ವಿಚಾರಣೆ

೧೯೮೫ರಲ್ಲಿ ವಾಷಿಂಗ್ಟನ್ ನಗರದ ಕೆಲವರು ಗಣ್ಯಮಹಿಳೆಯರು ಸೇರಿ, ಮಕ್ಕಳು ಕೇಳುವ ಹಾಡುಗಳ ವಿಷಯದಲ್ಲಿ ತಾಯಿತಂದೆಗಳನ್ನು ಎಚ್ಚರಿಸುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಪ್ರಮುಖರು ಸೆನೆಟ್ ಸದಸ್ಯರಾದ ಆಲ್ಬರ್ಟ್ ಗೋರ್ ಅವರ ಪತ್ನಿ ಟಿಪ್ಪರ್ ಗೋರ್ ಅವರು. ಈ ಸಂಘವು ಆಕ್ಷೇಪಾರ್ಹವೆಂದು ಹದಿನೈದು ಹಾಡುಗಳ ಪಟ್ಟಿಯನ್ನು ಮಾಡಿತು. ಅವುಗಳಲ್ಲಿ ಒಂಬತ್ತು ಹೆವಿ ಮೆಟಲಿಗೋ ಅದಕ್ಕೆ ತೀರ ಸಮೀಪವಾದ ಸಂಗೀತಕ್ಕೋ ಸೇರಿದುವು. ೧೯೮೫ನೆಯ ಸೆಪ್ಟೆಂಬರ್ ೧೯ರಂದು ಸೆನೆಟ್ ಸಭೆಯ ವಾಣಿಜ್ಯಸಮಿತಿಯು ಈ ವಿಷಯವಾಗಿ ವಿಚಾರಣೆ ನಡೆಸಿತು. ಸಂಗೀತಗಾರರ ಪರವಾಗಿ ಮೂವರು ಸಾಕ್ಷ್ಯ ನುಡಿದರು: ಫ್ರ್ಯಾಂಕ್ ಜ್ಯಾಪ್ಪಾ, ಜಾನ್ ಡೆನ್ವರ್, ಮತ್ತು ಟ್ವಿಸ್ಟೆಡ್ ಸಿಸ್ಟರ್ ಎಂಬ ಹೆವಿ ಮೆಟಲ್ ವೃಂದದ ಗಾಯಕನಾದ ಡೀ ಸ್ನೈಡರ್.

ಸ್ನೈಡರನ ಸಾಕ್ಷ್ಯವು ಸಾಹಿತ್ಯವಿದ್ಯಾರ್ಥಿಗಳು ಓದತಕ್ಕದ್ದು. ಅವನ ‘ಅಂಡರ್ ದಿ ಬ್ಲೇಡ್’ ಎಂಬ ಗೀತವು ಕ್ರೂರವಾದ ಕಾಮವಿಕಾರವನ್ನು ವರ್ಣಿಸುವುದೆಂದು ಗೋರ್ ಅವರು ಹೇಳಿದ್ದರು. ತನ್ನ ವೃಂದದ ಗಿಟಾರ್ ವಾದಕನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಬೇಕಾಗಿದ್ದಾಗ ಅವನಿಗಿದ್ದ ಭಯವನ್ನು ಕುರಿತು ಅದನ್ನು ಬರೆದೆನೆಂದು ಸ್ನೈಡರನು ಉತ್ತರಕೊಟ್ಟನು. ಗೀತದಲ್ಲಿರುವುದು ಕಟ್ಟಿಹಾಕಿದ ಕೈಗಳು, ಹೊಳೆಯುವ ಅಲಗು, ಅಸಹಾಯನ ಭೀತಿ. ಇವು ಎರಡು ಸಂದರ್ಭಗಳಿಗೂ ಹೊಂದುವುವು. ವಿಕಾರವನ್ನು ಹುಡುಕಿದವರಿಗೆ ವಿಕಾರವೂ, ಶಸ್ತ್ರಚಿಕಿತ್ಸೆಯನ್ನು ಹುಡುಕಿದವರಿಗೆ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸಿಕ್ಕುವುದೆಂದು ಅವನು ವಾದಿಸಿದನು. ಜಾನ್ ಡೆನ್ವರನು ಹೆವಿ ಮೆಟಲಿನವನಲ್ಲ, ಸೌಮ್ಯಗೀತಗಳಿಗೆ ಪ್ರಸಿದ್ಧನು. ಆದರೂ ಬೆಟ್ಟದ ಮೇಲಿನ ಆನಂದವನ್ನು ವರ್ಣಿಸಿದ ತನ್ನ ಗೀತವನ್ನು ಮಾದಕದ್ರವ್ಯದ ಸ್ತುತಿಯೆಂದು ತಿಳಿದು ಕೆಲವು ಆಕಾಶವಾಣಿ ನಿಲಯಗಳು ಬಹಿಷ್ಕರಿಸಿದ್ದುವೆಂಬುದನ್ನು ಅವನು ಸಮಿತಿಗೆ ನೆನಪುಮಾಡಿದನು.

ಸ್ನೈಡರನ ವಾದದಲ್ಲಿ ಒಂದು ದೌರ್ಬಲ್ಯವುಂಟು. ಹುಡುಕಿದವರಿಗೆ ಹುಡುಕಿದ ಅರ್ಥವೇ ಸಿಕ್ಕುವುದಾದರೆ ಆಕ್ಷೇಪಿಸಿದವರ ಅರ್ಥವೂ ಅಷ್ಟೇ ಪ್ರಮಾಣವಾಗಬೇಕು. ಅದು ಅಪ್ರಮಾಣವಾದರೆ ಅದಕ್ಕೆ ಬೇರೊಂದು ಕಾರಣವನ್ನು ಹೇಳಬೇಕು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಈ ಕಾರಣಗಳನ್ನು ಎಣಿಸಿರುವನು. ಹೇಳುವವನು ಯಾರು, ಕೇಳುವವನು ಯಾರು, ಧ್ವನಿವಿಕಾರವು ಎಂತಹುದು, ಸುತ್ತಣ ವಾಕ್ಯಗಳು ಯಾವುವು, ಪ್ರಸ್ತಾವವೇನು, ದೇಶಕಾಲಗಳು ಯಾವುವು ಎಂಬುವುಗಳ ವಿಶೇಷದಿಂದ ವ್ಯಂಗ್ಯಾರ್ಥವು ಹೊಳೆಯುವುದೆಂದೂ, ಅದೂ ಪ್ರತಿಭಾವಂತರಿಗೆ ಮಾತ್ರ ಹೊಳೆಯುವುದೆಂದೂ ಅವನ ಮತ. ಎಂದರೆ ಅರ್ಥಗಳು ಅನೇಕವಾದರೂ ಸ್ವೇಚ್ಛೆಗೆ ಬಿಟ್ಟವಲ್ಲ. ಸೆನೆಟ್ ಸಭೆಯಲ್ಲಿ ಎರಡು ಪಕ್ಷಗಳೂ ಈ ಮಧ್ಯಮಾರ್ಗವನ್ನು ಹಿಡಿಯಲಿಲ್ಲ. ೧೯೮೫ರ ನವೆಂಬರಿನಲ್ಲಿ ಧ್ವನಿಮುದ್ರಿಕೆಗಳ ವ್ಯಾಪಾರಸಂಘವು ಎಚ್ಚರಿಕೆಯ ಚೀಟಿಯನ್ನು ಅಂಟಿಸಲು ಒಪ್ಪಿಕೊಂಡಿತು. ೧೯೯೦ರಲ್ಲಿ ಆ ಚೀಟಿಗೆ ಏಕರೂಪವು ಬಂದಿತು.

೬. ಶ್ಲೇಷವು ನ್ಯಾಯಸ್ಥಾನವನ್ನೇರಿದುದು

ಬ್ಲ್ಯಾಕ್ ಸಬ್ಬತ್ ವೃಂದವನ್ನು ಬಿಟ್ಟುಬಂದ ಓಜಿ ಆಸ್ಬರ್ನನು ೧೯೮೦ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ‘ಸೂಯಿಸೈಡ್ ಸೊಲ್ಯೂಷನ್’ ಎಂಬ ಗೀತವಿದೆ. ಇಂಗ್ಲಿಷಿನಲ್ಲಿ ಸೊಲ್ಯೂಷನ್ ಎಂಬ ಶಬ್ದಕ್ಕೆ ಪರಿಹಾರವೆಂದೂ ದ್ರಾವಣವೆಂದೂ ಎರಡರ್ಥಗಳುಂಟು. ಮೊದಲನೆಯ ಅರ್ಥವನ್ನು ಹಿಡಿದರೆ ಆತ್ಮಹತ್ಯೆಯೇ ಪರಿಹಾರವೆಂದಾಗುವುದು. ಎರಡನೆಯದನ್ನು ಹಿಡಿದರೆ ಆತ್ಮಹತ್ಯೆಗೆ ಸಮವಾದ ದ್ರವವೆಂದು, ಎಂದರೆ ಮದ್ಯವೆಂದು ಆಗುವುದು. ೧೯೮೪ರಲ್ಲಿ ಕ್ಯಾಲಿಫೋರ್ನಿಯಾದ ಹತ್ತೊಂಬತ್ತು ವರ್ಷದ ತರುಣನೊಬ್ಬನು ಆಸ್ಬರ್ನನ ಹಾಡುಗಳನ್ನು ಕೇಳಿದ ರಾತ್ರಿ ಪ್ರಾಣ ಕಳೆದುಕೊಂಡನು. ಅವನ ತಾಯಿತಂದೆಗಳು ಗಾಯಕನ ಮೇಲೆಯೂ ಧ್ವನಿಮುದ್ರಿಕೆಯ ಸಂಸ್ಥೆಯ ಮೇಲೆಯೂ ದಾವೆ ಹೂಡಿದರು.

ಅನೇಕಾರ್ಥವುಳ್ಳ ಶಬ್ದಕ್ಕೆ ಪ್ರಕೃತಾರ್ಥವನ್ನು ಗೊತ್ತುಮಾಡುವ ಸಂಯೋಗ, ಸಾಹಚರ್ಯ, ಪ್ರಕರಣ ಮೊದಲಾದ ಸಾಧನಗಳನ್ನು ನಮ್ಮ ವೈಯಾಕರಣರು ಹೇಳಿರುವುದು ಪ್ರಸಿದ್ಧವಾಗಿದೆ. ಗೀತದ ಆರಂಭದಲ್ಲಿಯೇ ಮದ್ಯಗಳ ಹೆಸರುಗಳು ಬಂದಿರುವುವು. ಆದುದರಿಂದ ಸಾಹಚರ್ಯದಿಂದಲೂ ಪ್ರಕರಣದಿಂದಲೂ ದ್ರವವೆಂಬ ಅರ್ಥವೇ ಬಲವತ್ತರವಾದುದು. ಪರಿಹಾರವೆಂಬ ಅರ್ಥವು ಅದರ ಹಿಂದೆ ನೆರಳಾಗಿ ನಿಂತು, ಕುಡುಕನು ತನ್ನ ವಿಷವನ್ನೇ ಔಷಧವೆಂದು ಭ್ರಮಿಸುವುದನ್ನು ಸೂಚಿಸುತ್ತದೆ. ಕವಿಯ ಉದ್ದೇಶವನ್ನೇ ಪ್ರಮಾಣವಾಗಿ ಹಿಡಿಯೋಣವೆಂದರೆ ಅಲ್ಲಿಯೂ ಏಕವಾಕ್ಯತೆಯಿಲ್ಲ: ೧೯೮೦ರ ಫೆಬ್ರವರಿಯಲ್ಲಿ ಕುಡಿತದಿಂದ ಮೃತನಾದ ಬಾನ್ ಸ್ಕಾಟ್ ಎಂಬ ಗಾಯಕನನ್ನು ಕುರಿತದ್ದೆಂದು ಆಸ್ಬರ್ನನು ಹೇಳಿದನು, ಮಾತುಗಳನ್ನು ಬರೆದ ಬಾಬ್ ಡೇಸ್ಲಿಯು ಆಸ್ಬರ್ನನನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆನೆಂದನು. ಹಾಡಿದವನಿಗೆ ತಾನೇ ವಸ್ತುವೆಂಬುದು ತಿಳಿಯದೆ ಇದ್ದಿರಬಹುದು!

ಕೆಳಗಿನ ನ್ಯಾಯಸ್ಥಾನವು ದಾವೆಯನ್ನು ವಜಾಮಾಡಿತು. ೧೯೮೮ರ ಜುಲೈಯಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಅದನ್ನು ಎತ್ತಿಹಿಡಿಯಿತು. ವಿವೇಕಿಗಳಾದ ಜನರು ಹಾಡಿನ ಮಾತುಗಳನ್ನೂ ಕಾವ್ಯಸಮಯಗಳನ್ನೂ ಆಲಂಕಾರಿಕವೆಂದೇ ಗ್ರಹಿಸುವರಾದುದರಿಂದ, ಅವುಗಳನ್ನು ಆಜ್ಞಾವಾಕ್ಯಗಳಂತೆ ಎಣಿಸಲಾಗದೆಂದು ಆ ತೀರ್ಪಿನ ತಾತ್ಪರ್ಯ. ವೇದವು ಪ್ರಭುವಿನಂತೆ ಆಜ್ಞಾಪಿಸುವುದು, ಕಾವ್ಯವು ಕಾಂತೆಯಂತೆ ಒಲಿಸುವುದೆಂಬ ಆಲಂಕಾರಿಕರ ವಿಭಾಗಕ್ಕೆ ಇದು ಬಹಳ ಸಮೀಪವಾಗಿದೆ.

೭. ರೀನೋ ಪಟ್ಟಣದ ವ್ಯಾಜ್ಯ

೧೯೮೫ನೆಯ ಡಿಸೆಂಬರ್ ೨೩ರಂದು ನೆವಾಡಾ ಸಂಸ್ಥಾನದ ಇಬ್ಬರು ತರುಣರು, ಕುಡಿದು, ಜೂಡಾಸ್ ಪ್ರೀಸ್ಟ್ ವೃಂದದ ೧೯೭೮ರ ‘ಸ್ಟೇನ್ಡ್ ಕ್ಲಾಸ್’ ಎಂಬ ಸಂಪುಟವನ್ನು ಬಹಳ ಹೊತ್ತು ಕೇಳಿ, ಆತ್ಮಹತ್ಯೆಗೆ ಯತ್ನಿಸಿದರು. ಒಬ್ಬನು ಆಗಲೇ ಮೃತನಾದನು. ಮತ್ತೊಬ್ಬನು ಮುಖವೆಲ್ಲ ವಿರೂಪವಾಗಿ ಮೂರು ವರ್ಷ ಬದುಕಿದ್ದು, ೧೯೮೮ರಲ್ಲಿ ತೀರಿಕೊಂಡನು. ಕುಟುಂಬದವರು ಹೂಡಿದ ದಾವೆಯು ೧೯೯೦ರ ಜುಲೈಯಲ್ಲಿ ರೀನೋ ಪಟ್ಟಣದಲ್ಲಿ ವಿಚಾರಣೆಗೆ ಬಂದಿತು.

ಹಾಡಿನ ಮಾತುಗಳ ವಾಚ್ಯಾರ್ಥದ ಮೇಲೆ ದಾವೆ ನಿಲ್ಲುವಂತಿರಲಿಲ್ಲ. ಅಮೆರಿಕಾದ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯು ವಾಕ್‌ಸ್ವಾತಂತ್ರ್ಯವನ್ನು ರಕ್ಷಿಸುತ್ತದೆ. ಆದುದರಿಂದ ಫಿರ್ಯಾದಿಗಳು ಬೇರೊಂದು ಮಾತನ್ನು ಮುಂದಿಟ್ಟರು: ಒಂದು ಗೀತದಲ್ಲಿ ‘ಮಾಡಿಬಿಡು’ ಎಂಬ ಅರ್ಥದ ಎರಡು ಶಬ್ದಗಳು ಕಿವಿಗೆ ಸ್ಪಷ್ಟವಾಗದಂತೆ, ಬುದ್ಧಿಗೆ ತಿಳಿಯದೆ ಮನಸ್ಸಿನೊಳಗೆ ಇಳಿಯುವಂತೆ ಹುದುಗಿಸಲ್ಪಟ್ಟಿವೆ ಎಂದು. ಆ ಗೀತವು ಈ ವೃಂದದ ಸ್ವಂತ ರಚನೆಯೂ ಆಗಿರಲಿಲ್ಲ. ೧೯೬೯ರಲ್ಲಿ ಸ್ಪೂಕಿ ಟೂತ್ ಎಂಬ ವೃಂದವು ಹಾಡಿದ್ದ ಹಾಡನ್ನು ಇವರು ಮತ್ತೆ ಹಾಡಿದ್ದರು. ಹೀಗೆ ಹುದುಗಿಸಿದ ಸಂದೇಶಗಳಿಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆಯಿಲ್ಲವೆಂದು ನ್ಯಾಯಾಧಿಪತಿಗಳಾದ ಜೆರಿ ಕಾರ್ ವೈಟ್‌ಹೆಡ್ ಅವರು ಮೊದಲೇ ತೀರ್ಮಾನಿಸಿದ್ದರಿಂದ, ಅಂತಹ ಸಂದೇಶವು ನಿಜವಾಗಿಯೂ ಇದ್ದಿತೆ, ಬುದ್ಧಿಪೂರ್ವಕವಾಗಿ ಇಡಲ್ಪಟ್ಟಿತೆ, ಮರಣಕ್ಕೆ ಅದೇ ಕಾರಣವೆ ಎಂಬುವು ಮಾತ್ರ ಉಳಿದುವು.

ಗಾಯಕನಾದ ರಾಬ್ ಹ್ಯಾಲ್‌ಫರ್ಡನು ನ್ಯಾಯಸ್ಥಾನದಲ್ಲಿ ಹಾಡಿ, ಆ ಸದ್ದು ತಾನು ಉಸಿರು ಬಿಡುವಾಗ ಆಗುವುದೆಂದು ತೋರಿಸಿದನು. ತನ್ನ ಹಾಡುಗಳ ತುಣುಕುಗಳನ್ನು ತಿರುಗುಮುರುಗಾಗಿ ನುಡಿಸಿ, ಹುಡುಕಿದರೆ ನಿರುಪದ್ರವವಾದ, ಹಾಸ್ಯಾಸ್ಪದವಾದ ವಾಕ್ಯಗಳೂ ಅವುಗಳಲ್ಲಿ ಕೇಳಿಸುವುವೆಂದು ತೋರಿಸಿಕೊಟ್ಟನು. ೧೯೯೦ನೆಯ ಆಗಸ್ಟ್ ೨೪ರಂದು ತೀರ್ಪು ಹೊರಬಿದ್ದಿತು. ಆ ಶಬ್ದಗಳಂತೆ ಕೇಳಿಸುವುದು ಗಾಯಕನ ನಿಶ್ವಾಸವೂ ಗಿಟಾರಿನ ನಾದವೂ ಆಕಸ್ಮಿಕವಾಗಿ ಕೂಡಿದುದರ ಫಲವೆಂದೂ, ಉದ್ದೇಶಪೂರ್ವಕವಲ್ಲವೆಂದೂ, ತರುಣರ ಕೃತ್ಯಕ್ಕೆ ಬೇರೆ ಕಾರಣಗಳು ಕಾಣುತ್ತವೆಯೆಂದೂ ನ್ಯಾಯಾಧಿಪತಿಗಳು ನಿರ್ಣಯಿಸಿ, ವೃಂದದವರು ಹೊಣೆಗಾರರಲ್ಲವೆಂದರು.

ಈ ವ್ಯಾಜ್ಯದಲ್ಲಿ ಧ್ವನಿ ಎಂಬ ಶಬ್ದದ ಎರಡು ಅರ್ಥಗಳೂ ಎದುರುಬದುರಾಗಿ ನಿಂತಂತೆ ತೋರುತ್ತದೆ. ಆನಂದವರ್ಧನನು ಈ ಶಬ್ದವನ್ನು ವೈಯಾಕರಣರಿಂದ ಪಡೆದನು. ಕಿವಿಗೆ ಬೀಳುವ ನಾದಕ್ಕೆ ಅವರು ಇಟ್ಟಿದ್ದ ಹೆಸರನ್ನು ಅವನು ವಾಚ್ಯವನ್ನು ಮೀರಿ ಹೊಳೆಯುವ ಅರ್ಥಕ್ಕೆ ಇಟ್ಟನು. ಆ ವ್ಯಂಗ್ಯಾರ್ಥವು ಗೂಢವಾದರೂ ಸಹೃದಯನಿಗೆ ತಿಳಿಯತಕ್ಕದ್ದು. ಅವನು ಎಚ್ಚರವಾಗಿದ್ದು, ವಾಚ್ಯವನ್ನು ಗ್ರಹಿಸಿ, ಅದರ ಮೂಲಕವೇ ಅಲ್ಲಿಗೆ ಏರಬೇಕು. ಅದನ್ನು ಒಪ್ಪುವುದಕ್ಕೂ ಬಿಡುವುದಕ್ಕೂ ಅವನಿಗೆ ಅವಕಾಶವುಂಟು. ರೀನೋವಿನಲ್ಲಿ ಆರೋಪಿಸಲಾದುದಾದರೋ ಕೇಳುವವನ ಅರಿವಿಗೆ ಬಾರದೆ, ಅವನ ವಿವೇಕವನ್ನು ದಾಟಿಹೋಗುವ ಸದ್ದು. ಅಂತಹುದು ಇದ್ದುದಾದರೆ ಅದು ಅರ್ಥವಲ್ಲ, ವಿಷದಂತೆ ಕೇವಲ ಕಾರಣ. ಅದಕ್ಕೆ ವಾಕ್ಕಿನ ಮರ್ಯಾದೆಯಿಲ್ಲವೆಂದ ನ್ಯಾಯಾಧಿಪತಿಗಳ ಮಾತು ಈ ದೃಷ್ಟಿಯಿಂದ ಯುಕ್ತವಾಗಿಯೇ ಇದೆ. ಕೇಳುವವನು ತಿಳಿಯಲಾರದ್ದನ್ನು ಹೇಳಿದಂತಾಗಲಿಲ್ಲ ಎಂಬಲ್ಲಿ ಕಾಶ್ಮೀರದ ಲಾಕ್ಷಣಿಕರೂ ನೆವಾಡಾದ ನ್ಯಾಯಸ್ಥಾನವೂ ಒಂದಾಗುತ್ತವೆ.

೮. ಉಪಸಂಹಾರ

ಮೇಲಿನ ಮೂರು ಪ್ರಕರಣಗಳಲ್ಲಿ ಅರ್ಥವನ್ನು ಮೂರು ಕಡೆಗಳಲ್ಲಿ ಹುಡುಕಿದಂತಾಯಿತು: ಸೆನೆಟ್ ಸಭೆಯಲ್ಲಿ ಓದುವವರ ಮನಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಶಬ್ದದಲ್ಲಿ, ರೀನೋವಿನಲ್ಲಿ ಶಬ್ದಕ್ಕೂ ಕೆಳಗಿನ ನಾದದಲ್ಲಿ. ಇಡಿಯ ಗೀತವನ್ನು ಅದರ ವಕ್ತೃ, ಪ್ರಸ್ತಾವ, ಸಂಪ್ರದಾಯಗಳೊಡನೆ ಓದಿ ನೋಡುವ ಕೆಲಸವು ಮಾತ್ರ ಬಹುಮಟ್ಟಿಗೆ ಉಳಿದುಹೋಯಿತು. ಆ ಕೆಲಸವನ್ನು ವಿದ್ವಾಂಸರು ತಡವಾಗಿ ಕೈಗೊಂಡರು. ಡೀನಾ ವೈನ್‌ಸ್ಟೈನ್ ಅವರ ಸಮಾಜಶಾಸ್ತ್ರೀಯ ಗ್ರಂಥವು ೧೯೯೧ರಲ್ಲಿಯೂ, ರಾಬರ್ಟ್ ವಾಲ್ಸರ್ ಅವರ ಸಂಗೀತಶಾಸ್ತ್ರೀಯ ಗ್ರಂಥವು ೧೯೯೩ರಲ್ಲಿಯೂ ಹೊರಬಂದುವು. ಬಾಖ್, ವಿವಾಲ್ಡಿ, ಪಗಾನೀನಿ ಮೊದಲಾದ ಶಾಸ್ತ್ರೀಯ ವಾಗ್ಗೇಯಕಾರರಿಂದ ಈ ಗಿಟಾರ್ ವಾದಕರು ಏನನ್ನು ಕಲಿತರೆಂಬುದನ್ನು ವಾಲ್ಸರ್ ಅವರು ವಿಸ್ತಾರವಾಗಿ ತೋರಿಸಿದರು. ತೀರ್ಪುಗಳೆಲ್ಲ ಹೊರಬಿದ್ದ ಮೇಲೆ ಪಾಂಡಿತ್ಯವು ಬಂದಿತು. ಆ ಹಾಡುಗಳನ್ನು ಕೇಳುತ್ತಿದ್ದ ಹುಡುಗರೊಡನೆ ಅವುಗಳ ಅರ್ಥವನ್ನು ಕುರಿತು ಮಾತನಾಡತಕ್ಕ ಅಧ್ಯಾಪಕರು, ಆ ದಶಕದಲ್ಲಿ, ಅವು ಮಾತನಾಡಲು ಅರ್ಹವೆಂದೇ ಬಹುಮಟ್ಟಿಗೆ ಭಾವಿಸಿರಲಿಲ್ಲ.

ಆ ಸಂಗೀತವು ಅಲ್ಲಿಗೇ ಮುಗಿಯಲಿಲ್ಲ. ಐರನ್ ಮೇಡನ್ ೨೦೦೭ರ ಮಾರ್ಚಿಯಲ್ಲಿಯೂ ಮೆಟಾಲಿಕಾ ೨೦೧೧ರ ಅಕ್ಟೋಬರಿನಲ್ಲಿಯೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಸಾವಿರಾರು ಮಂದಿ ತರುಣರು ನೆರೆದು ಆ ಮಾತುಗಳನ್ನು ಕಂಠಪಾಠವಾಗಿ ಒಪ್ಪಿಸಿದರು. ೨೦೨೫ನೆಯ ಜುಲೈ ೫ರಂದು ಬ್ಲ್ಯಾಕ್ ಸಬ್ಬತಿನ ನಾಲ್ವರೂ ತಾವು ಬೆಳೆದ ಆಸ್ಟನ್ನಿನಲ್ಲಿಯೇ ಕೊನೆಯ ಸಲ ಕೂಡಿ ನುಡಿಸಿದರು. ಅದೇ ತಿಂಗಳ ೨೨ರಂದು ಓಜಿ ಆಸ್ಬರ್ನನು ಕಾಲವಾದನು. ತರುಣರು ಕಂಠಪಾಠಮಾಡುವ ಸಾಹಿತ್ಯವು ಯಾವುದಾದರೂ ಆಗಲಿ, ಅದು ಉತ್ತಮವೋ ಹೀನವೋ ಎಂಬ ತೀರ್ಮಾನಕ್ಕೆ ಮುಂಚೆ ಅದನ್ನು ಓದತಕ್ಕ ಕ್ರಮದಲ್ಲಿ ಓದುವುದು ಸಾಹಿತ್ಯಾಧ್ಯಾಪಕರಿಗೆ ಸೇರಿದ ಕರ್ತವ್ಯ. ಅದನ್ನು ಅವರು ಬಿಟ್ಟುಕೊಟ್ಟರೆ ನ್ಯಾಯಸ್ಥಾನಗಳೇ ಆ ಕೆಲಸವನ್ನು ಮಾಡಬೇಕಾಗುವುದೆಂಬುದಕ್ಕೆ ಎಂಬತ್ತರ ದಶಕದ ಈ ಚರಿತ್ರೆಯೇ ಸಾಕ್ಷಿಯಾಗಿದೆ.